ಮರಳು ಹೊಲದಲ್ಲಿ ದ್ವಿದಳ ಬೆಳೆ: ಮಣ್ಣಿಗೆ ಉಳಿಯುವುದೆಷ್ಟು?

ಮಾನ್ಯ ಸಂಪಾದಕರೇ,

ಮಳೆ ಕಡಿಮೆ ಬೀಳುವ ಮರಳು ಭೂಮಿಯ ರೈತರಿಗೆ ಸಲಹೆ ಕೊಡುವವರೆಲ್ಲರೂ ತಪ್ಪದೆ ಹೇಳುವ ಮಾತೊಂದಿದೆ: ಏಕದಳ ಧಾನ್ಯವನ್ನೇ ಮತ್ತೆ ಮತ್ತೆ ಬಿತ್ತಬೇಡಿ, ನಡುವೆ ಒಂದು ದ್ವಿದಳ ಬೆಳೆ ತನ್ನಿ, ಅದು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ. ಕೃಷಿ ಪುಟಗಳಲ್ಲಿ, ತರಬೇತಿ ಶಿಬಿರಗಳಲ್ಲಿ, ಬೀಜದ ಚೀಲದೊಂದಿಗೆ ಬರುವ ಕರಪತ್ರಗಳಲ್ಲಿ ಇದೇ ವಾಕ್ಯ ಸ್ವಲ್ಪ ಹಿಂದುಮುಂದಾಗಿ ಕಾಣಿಸಿಕೊಳ್ಳುತ್ತದೆ. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಂತ ಮಾತು. ಹಾಗೆ ಹಿಡಿದ ಸಾರಜನಕದಲ್ಲಿ ಎಷ್ಟು ಕಾಳಿನೊಂದಿಗೆ ಹೊಲ ಬಿಟ್ಟು ಹೋಗುತ್ತದೆ, ಎಷ್ಟು ಹೊಟ್ಟು ಬಳ್ಳಿಗಳೊಂದಿಗೆ ಕೊಟ್ಟಿಗೆ ಸೇರುತ್ತದೆ, ಕೊನೆಗೆ ಅದೇ ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಮರಳು ಭೂಮಿಯಲ್ಲಿ ಬೆಳೆ ಸರದಿಯ ಫಲಾಫಲ ನಿಂತಿರುವುದು ಈ ಉಳಿಕೆಯ ಮೇಲೆ. ಅಂಥ ನೆಲದಲ್ಲೇ ಬೇಸಾಯ ಮಾಡುತ್ತಾ, ಆ ಅರ್ಧ ಮಾತನ್ನು ಪೂರ್ತಿ ನಂಬಿ ಕೆಲವು ಹಂಗಾಮುಗಳನ್ನು ಕಳೆದುಕೊಂಡವನಾದ್ದರಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಮರಳಿನ ಗುಣವನ್ನು ನೋಡಬೇಕು. ಒಂದು ಮೀಟರ್ ಆಳದ ಗೋಡು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವ ನೀರಿನಲ್ಲಿ ಅರ್ಧದಷ್ಟನ್ನೂ ಬರಿಯ ಮರಳು ಹಿಡಿದಿಡಲಾರದು. ಕಣಗಳ ನಡುವಿನ ಸಂದು ದೊಡ್ಡದಾದ್ದರಿಂದ ಬಿದ್ದ ಮಳೆ ಬೇಗ ಕೆಳಗಿಳಿಯುತ್ತದೆ, ಇಳಿಯುವಾಗ ನೈಟ್ರೇಟ್ ರೂಪದಲ್ಲಿರುವ ಸಾರಜನಕವನ್ನೂ ತನ್ನೊಂದಿಗೇ ಒಯ್ಯುತ್ತದೆ. ಪೋಷಕಾಂಶಗಳನ್ನು ಹಿಡಿದಿಡಲು ಬೇಕಾದ ಜೇಡಿಯೂ ಅಲ್ಲಿ ಕಡಿಮೆ, ಸಾವಯವ ಅಂಶವೂ ಕಡಿಮೆ. ಸಾವಯವ ಇಂಗಾಲ ನೂರಕ್ಕೆ ಅರ್ಧ ಭಾಗವನ್ನೂ ಮುಟ್ಟದ ಮರಳು ಹೊಲಗಳು ಸಾಮಾನ್ಯ. ಬಿಸಿಲಿಗೆ ಮೇಲ್ಪದರ ಬೇಗ ಕಾಯುತ್ತದೆ, ಒಂದಿಷ್ಟು ಹಸಿ ಸಿಕ್ಕಿದರೆ ಹಾಕಿದ ಸೊಪ್ಪುಸದೆಯೆಲ್ಲ ನೋಡನೋಡುತ್ತಿದ್ದಂತೆ ಕೊಳೆತು ಕರಗುತ್ತದೆ. ಭಾರದ ಮಣ್ಣಿನಲ್ಲಿ ಮಾಡಿದ ತಪ್ಪನ್ನು ಮಣ್ಣು ನಾಲ್ಕಾರು ವರ್ಷ ತಾಳಿಕೊಂಡೀತು, ಮರಳಿನಲ್ಲಿ ಮಾಡಿದ ತಪ್ಪು ಮುಂದಿನ ಬೆಳೆಯಲ್ಲೇ ಎದ್ದು ಕಾಣುತ್ತದೆ.

ದ್ವಿದಳ ಸಸ್ಯಗಳ ಈ ಗುಣ ಜಗತ್ತಿಗೆ ಗೊತ್ತಾದದ್ದೂ ಮರಳಿನಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ಆಲ್ಟ್‌ಮಾರ್ಕ್ ಪ್ರದೇಶದ ಲುಪಿಟ್ಸ್ ಎಂಬಲ್ಲಿ ಆಲ್ಬರ್ಟ್ ಶುಲ್ಟ್ಸ್ ಎಂಬ ಬೇಸಾಯಗಾರರು 1855ರಲ್ಲಿ ಬಡ ಮರಳು ಜಮೀನನ್ನು ಕೊಂಡು, ಅದಕ್ಕೆ ಸುಣ್ಣಮಣ್ಣನ್ನೂ ಪೊಟ್ಯಾಷ್ ಲವಣವನ್ನೂ ಹಾಕಿ ಲುಪಿನ್ ಎಂಬ ದ್ವಿದಳ ಸಸ್ಯವನ್ನು ಬೆಳೆದರು. ಸಾರಜನಕ ಗೊಬ್ಬರವನ್ನು ಹಾಕದೆಯೇ ಲುಪಿನ್ ವರ್ಷ ವರ್ಷವೂ ಚೆನ್ನಾಗಿ ಬಂತು, ಅದರ ಹಿಂದೆ ಬಿತ್ತಿದ ಧಾನ್ಯವೂ ಚೆನ್ನಾಗಿ ಬಂತು. ಅವರು ತಮ್ಮ ಅನುಭವದ ಮೇಲೆ ಬೆಳೆಗಳನ್ನು ಸಾರಜನಕ ಕೂಡಿಸುವವು, ಸಾರಜನಕ ತಿನ್ನುವವು ಎಂದು ಎರಡು ಪಂಗಡ ಮಾಡಿದರು. ಏಕೆ ಹೀಗಾಗುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ಎಂಬ ವಿಜ್ಞಾನಿಗಳಿಗೆ. ಅವರು ಸಾರಜನಕವಿಲ್ಲದ ಮರಳನ್ನು ಕುಂಡಗಳಲ್ಲಿ ತುಂಬಿ ಧಾನ್ಯವನ್ನೂ ಬಟಾಣಿಯನ್ನೂ ಬೆಳೆದು ನೋಡಿದರು. ಧಾನ್ಯದ ಸಸಿಗಳು ಕೊಟ್ಟ ನೈಟ್ರೇಟಿಗೆ ತಕ್ಕಷ್ಟೇ ಬೆಳೆದವು. ಬಟಾಣಿ ಸಸಿಗಳಲ್ಲಿ ಕೆಲವು ಹಸಿವಿನಿಂದ ಹಳದಿಯಾಗಿ ಕುಗ್ಗಿದರೆ ಕೆಲವು ಏನೂ ಕೊಡದೆಯೇ ಸೊಂಪಾಗಿ ಎದ್ದವು. ಹೊಲದ ಮಣ್ಣನ್ನು ಕದಡಿ ತೆಗೆದ ನೀರನ್ನು ಒಂದಿಷ್ಟು ಹಾಕಿದಾಗ ಬಟಾಣಿಯೆಲ್ಲವೂ ಎದ್ದಿತು, ಆ ನೀರನ್ನು ಕುದಿಸಿ ಹಾಕಿದಾಗ ಏಳಲಿಲ್ಲ. ಮಣ್ಣಿನ ಜೀವಾಣುಗಳು ದ್ವಿದಳದ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುತ್ತವೆ ಎಂಬುದೇ ಆ ಉತ್ತರ. 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಇದನ್ನು ಹೇಳಿ, 1888ರಲ್ಲಿ ವಿವರವಾಗಿ ಪ್ರಕಟಿಸಿದರು. ಅದೇ ವರ್ಷ ನೆದರ್ಲೆಂಡ್ಸಿನ ಬೈಯರಿಂಕ್ ಅವರು ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು. ಆ ಪ್ರಯೋಗಗಳಲ್ಲಿ ನನಗೆ ತುಂಬ ಮುಖ್ಯವೆನಿಸುವ ಸಂಗತಿ ಮತ್ತೊಂದಿದೆ: ಬಟಾಣಿಯನ್ನು ಎಬ್ಬಿಸಿದ ಮಣ್ಣಿನ ನೀರು ಲುಪಿನ್ ಗಿಡವನ್ನು ಎಬ್ಬಿಸಲಿಲ್ಲ, ಅದಕ್ಕೆ ಲುಪಿನ್ ಬೆಳೆಯುವ ಮರಳು ಮಣ್ಣಿನ ನೀರೇ ಬೇಕಾಯಿತು. ಎಂದರೆ ಪ್ರತಿಯೊಂದು ಬೆಳೆಗೂ ತನಗೆ ಒಗ್ಗುವ ಜೀವಾಣು ಮಣ್ಣಿನಲ್ಲಿ ಇರಬೇಕು, ಇಲ್ಲದಿದ್ದರೆ ದ್ವಿದಳವೂ ಜೋಳದಂತೆಯೇ ಮಣ್ಣಿನ ಸಾರಜನಕವನ್ನು ತಿಂದು ಬದುಕುತ್ತದೆ.

ಅಲಸಂದೆ, ಹೆಸರು, ಉದ್ದು, ಶೇಂಗಾ, ತೊಗರಿ, ಗೋರಿಕಾಯಿ ಮುಂತಾದವುಗಳ ಮಟ್ಟಿಗೆ ಉಷ್ಣ ಪ್ರದೇಶದ ಬಹುತೇಕ ಮಣ್ಣುಗಳಲ್ಲಿ ಒಗ್ಗುವ ಜೀವಾಣುಗಳು ತಾವಾಗಿಯೇ ಇರುತ್ತವೆ. ಕಡಲೆಗೆ ಬೇರೆ ಜಾತಿಯದು ಬೇಕು, ಸೋಯಾ ಅವರೆಗೆ ಮತ್ತೂ ಬೇರೆ. ಆದರೆ ಇರುವ ಜೀವಾಣುಗಳೂ ಮರಳಿನಲ್ಲಿ ಸುಖವಾಗಿ ಇರುವುದಿಲ್ಲ. ದೀರ್ಘ ಬೇಸಿಗೆಯಲ್ಲಿ ಮೇಲ್ಪದರ ಕಾದು ಒಣಗಿದಾಗ ಅವುಗಳ ಸಂಖ್ಯೆ ಬಹಳ ಕುಸಿಯುತ್ತದೆ, ಜೇಡಿಮಣ್ಣಿನಲ್ಲಿ ಸಿಗುವ ತಂಪಿನ ಆಸರೆ ಅಲ್ಲಿಲ್ಲ. ಆದ್ದರಿಂದಲೇ ಬಿತ್ತನೆ ಬೀಜಕ್ಕೆ ರೈಜೋಬಿಯಂ ಎಂಬ ಈ ಜೀವಾಣುವಿನ ಉಪಚಾರ ಮಾಡಿ ಎಂದು ಹೇಳುತ್ತಾರೆ. ಹೇಳಿದ್ದು ಸರಿಯಾದ ಮಾತು, ಆದರೆ ಪೊಟ್ಟಣದೊಳಗಿನ ಜೀವಾಣು ಹೊಲ ತಲುಪುವ ಹೊತ್ತಿಗೆ ಜೀವಂತವಾಗಿರಬೇಕಲ್ಲ. ನಾನೊಮ್ಮೆ ತಂದ ಪೊಟ್ಟಣಗಳು ಅಂಗಡಿಯ ಮುಂದಿನ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿ ಕೂತಿದ್ದವು. ಅವಧಿ ಮುಗಿದಿರಲಿಲ್ಲವಾದ್ದರಿಂದ ನಾನೂ ಯೋಚಿಸಲಿಲ್ಲ. ಅರ್ಧ ಹೊಲಕ್ಕೆ ಉಪಚರಿಸಿದ ಬೀಜ, ಉಳಿದರ್ಧಕ್ಕೆ ಉಪಚರಿಸದ ಬೀಜ ಬಿತ್ತಿದೆ. ಹೂಬಿಡುವ ಕಾಲಕ್ಕೆ ಎರಡೂ ಕಡೆಯ ಬೇರುಗಳು ಒಂದೇ ರೀತಿ ಬೋಳಾಗಿದ್ದವು. ಜೀವಾಣುವಿನ ಪೊಟ್ಟಣವನ್ನು ತಂಪಾದ, ನೆರಳಿರುವ ಜಾಗದಲ್ಲಿ ಇಟ್ಟು ಮಾರಬೇಕು; ಬೆಲ್ಲದ ಪಾಕ ಅಥವಾ ಗೋಂದಿನ ನೀರಿನೊಂದಿಗೆ ಬೀಜಕ್ಕೆ ಲೇಪಿಸಿ ನೆರಳಿನಲ್ಲೇ ಆರಿಸಬೇಕು; ಅಂದೇ, ಹದವಿರುವ ಮಣ್ಣಿಗೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಅದೇ ಹೊತ್ತಿನಲ್ಲಿ ಇದನ್ನೂ ಬೆರೆಸಿದರೆ ಜೀವಾಣುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಒಣ ಮರಳಿಗೆ ಬೀಜ ಬಿತ್ತಿ ಮಳೆಗಾಗಿ ವಾರಗಟ್ಟಲೆ ಕಾಯುವ ಕಡೆ ಉಪಚಾರಕ್ಕೆ ಮಾಡಿದ ಖರ್ಚು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬೇರುಗಂಟು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮೊದಲ ಹೂವು ಕಾಣಿಸಿದ ವಾರದಲ್ಲಿ ಹೊಲದ ಬೇರೆ ಬೇರೆ ಮೂಲೆಗಳಿಂದ ಎಂಟು ಹತ್ತು ಗಿಡಗಳನ್ನು ತೆಗೆದು ನೋಡಿದರೆ ಸಾಕು. ಕೈಯಿಂದ ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉದುರಿ ಉಳಿಯುತ್ತವೆ. ಗುದ್ದಲಿಯಿಂದ ಸುತ್ತ ಒಂದು ಗೇಣು ಬಿಟ್ಟು ಅಗೆದು, ಹೆಂಟೆಯ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲನೆ ಅಲ್ಲಾಡಿಸಿದರೆ ಮರಳು ತಾನಾಗಿ ಕಳಚಿಕೊಂಡು ಬೇರು ಸ್ವಚ್ಛವಾಗಿ ನಿಲ್ಲುತ್ತದೆ. ಈ ಒಂದು ಕೆಲಸದಲ್ಲಿ ಮರಳು ಭೂಮಿಯವರಿಗೆ ಉಳಿದವರಿಗಿಂತ ಅನುಕೂಲ ಹೆಚ್ಚು. ಈಗ ಗಂಟೊಂದನ್ನು ಉಗುರಿನಿಂದ ಸೀಳಬೇಕು. ಒಳಗೆ ಗುಲಾಬಿ ಅಥವಾ ರಕ್ತದ ಕೆಂಪು ಕಂಡರೆ ಆ ಗಂಟು ದುಡಿಯುತ್ತಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ಹತ್ತಿರದ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್ ಆ ಬಣ್ಣ ಕೊಡುತ್ತದೆ, ಅದು ಗಂಟಿನೊಳಗೆ ಆಮ್ಲಜನಕವನ್ನು ಹದವಾಗಿ ಅಳೆದು ಕೊಡುವ ಕೆಲಸ ಮಾಡುತ್ತದೆ. ಒಳಗೆ ಬಿಳಿಯಾಗಿದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಏನನ್ನೂ ಕೊಡದೆ ಗಿಡದ ಸಕ್ಕರೆಯನ್ನು ತಿನ್ನುತ್ತಾ ಕೂತ ನಿಷ್ಪ್ರಯೋಜಕ ಜೀವಾಣುವಿನದು. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕಾಲ ಮುಗಿದಿದೆ.

ಇನ್ನೊಂದು ಎಚ್ಚರವನ್ನು ಇಲ್ಲೇ ಹೇಳಬೇಕು, ಏಕೆಂದರೆ ಮರಳು ಹೊಲದಲ್ಲಿ ಇದರಲ್ಲಿ ಮೋಸ ಹೋಗುವವರು ಬಹಳ. ಬೇರುಗಂಟು ರೋಗ ತರುವ ಜಂತುಹುಳುಗಳಿಗೆ ಮರಳೆಂದರೆ ಬಹಳ ಇಷ್ಟ. ಅವು ಮಾಡುವ ಗಂಟುಗಳೂ ಬೇರಿನ ಮೇಲೆ ಮಣಿಮಣಿಯಾಗಿ ಕಾಣುತ್ತವೆ, ನೋಡಿದವರು ಬೆಳೆ ಚೆನ್ನಾಗಿ ಗಂಟು ಕಟ್ಟಿದೆ ಎಂದು ಸಂತೋಷಪಡುತ್ತಾರೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಸಿದಂತೆ ಇರುತ್ತದೆ, ಬೆರಳಿನಿಂದ ತಳ್ಳಿದರೆ ಕಳಚಿ ಬರುತ್ತದೆ, ಬೇರು ಹಾಗೆಯೇ ಉಳಿಯುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡು ಆದದ್ದು, ಬೇರು ಹರಿಯದೆ ಅದು ಬರುವುದಿಲ್ಲ. ಅಲಸಂದೆ, ಹೆಸರು ಮುಂತಾದ ಅನೇಕ ಬೇಳೆಕಾಳುಗಳು ಈ ಹುಳುವಿಗೆ ಒಳ್ಳೆಯ ಆಹಾರ. ಅಂಥ ಹೊಲದಲ್ಲಿ ದ್ವಿದಳದ ಹಿಂದೆ ತರಕಾರಿ ಹಾಕಿದವರು ದ್ವಿದಳದಿಂದ ಆದ ಲಾಭಕ್ಕಿಂತ ಹೆಚ್ಚಿನ ನಷ್ಟವನ್ನು ಕಾಣುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ದ್ವಿದಳ ಬೆಳೆಯ ನೆಲದ ಮೇಲಿನ ಒಣ ತೂಕ ಒಂದು ಟನ್ ಆಗುವಷ್ಟರಲ್ಲಿ ಅದು ಗಾಳಿಯಿಂದ ಸುಮಾರು 20 ಕಿಲೋ ಸಾರಜನಕವನ್ನು ಹಿಡಿದಿರುತ್ತದೆ ಎಂಬುದು ಹಲವು ದೇಶಗಳ ಅಳತೆಗಳಿಂದ ಬಂದ ಸ್ಥೂಲವಾದ ಅಂದಾಜು. ಮಳೆ ಕಡಿಮೆಯಾದ ಮರಳು ಹೊಲದಲ್ಲಿ ಒಂದು ಹೆಕ್ಟೇರಿಗೆ ಎರಡು ಟನ್ ಒಣ ತೂಕ ಬಂತೆಂದು ಇಟ್ಟುಕೊಳ್ಳಿ. ಗಾಳಿಯಿಂದ ಬಂದದ್ದು 40 ಕಿಲೋ, ಮಣ್ಣಿನಿಂದಲೇ ಎತ್ತಿಕೊಂಡದ್ದು 10 ಕಿಲೋ, ಒಟ್ಟು 50 ಕಿಲೋ ಸಾರಜನಕ ಆ ಗಿಡಗಳಲ್ಲಿದೆ ಎನ್ನೋಣ. 700 ಕಿಲೋ ಕಾಳು ಬಂದರೆ, ಬೇಳೆಕಾಳಿನಲ್ಲಿ ಸಾರಜನಕ ನೂರಕ್ಕೆ ಮೂರೂವರೆಯಿಂದ ನಾಲ್ಕು ಭಾಗ ಇರುವುದರಿಂದ, ಸುಮಾರು 26 ಕಿಲೋ ಕಾಳಿನೊಂದಿಗೆ ಹೊರಟಿತು. ಉಳಿದ 24 ಕಿಲೋ ಕಾಂಡ, ಎಲೆ, ಹೊಟ್ಟುಗಳಲ್ಲಿದೆ. ಅದೆಲ್ಲ ಹೊಲದಲ್ಲೇ ಉಳಿದರೆ ಮಣ್ಣು ತಾನು ಕೊಟ್ಟ ಹತ್ತನ್ನು ಹಿಂದಕ್ಕೆ ಪಡೆದು ಮೇಲೆ 14 ಕಿಲೋ ಗಳಿಸಿತು. ಅದನ್ನೂ ಹೊತ್ತು ಕಣಕ್ಕೆ ತಂದು ಅಲ್ಲಿಂದ ಕೊಟ್ಟಿಗೆಗೆ ಸಾಗಿಸಿದರೆ, ಉದುರಿದ ಎಲೆಯನ್ನೂ ಬೇರನ್ನೂ ಬಿಟ್ಟರೆ ಮಣ್ಣಿಗೆ ಸಿಕ್ಕಿದ್ದೇನೂ ಇಲ್ಲ, ಕೊಟ್ಟದ್ದು ಮಾತ್ರ ಹೋಯಿತು. ಇದು ಒಂದು ಉದಾಹರಣೆಯ ಲೆಕ್ಕ. ಹೊಲದಿಂದ ಹೊಲಕ್ಕೆ ಅಂಕಿ ಬದಲಾಗುತ್ತದೆ. ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ. ಉಳಿದ ಸೊಪ್ಪುಸದೆಯ ಸಾರಜನಕದಲ್ಲಿಯೂ ಹಿಂದೆಯೇ ಬರುವ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲುಭಾಗದೊಳಗೆ. ಉಳಿದದ್ದು ಮಣ್ಣಿನ ಸಾವಯವ ಅಂಶದಲ್ಲಿ ನಿಧಾನವಾಗಿ ಸೇರುತ್ತದೆ, ಒಂದಿಷ್ಟು ನೀರಿನೊಂದಿಗೆ ಇಳಿದುಹೋಗುತ್ತದೆ.

ಶೇಂಗಾ ಬೆಳೆಯುವವರು ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಹಾಕಿ ನೋಡಬೇಕು. ಮರಳು ಮಣ್ಣಿಗೆ ಶೇಂಗಾ ಒಪ್ಪುವ ಬೆಳೆ, ಹೂವಿನಿಂದ ಇಳಿದು ಕಾಯಿಯಾಗುವ ಅದರ ಸೂಜಿ ಸಡಿಲ ಮಣ್ಣಿನಲ್ಲಿ ಸುಲಭವಾಗಿ ಇಳಿಯುತ್ತದೆ, ಕೀಳುವುದೂ ಸುಲಭ. ತೊಂದರೆ ಇರುವುದೂ ಆ ಕೀಳುವುದರಲ್ಲೇ. ಬೇರೆ ಬೇಳೆಕಾಳುಗಳನ್ನು ಕೊಯ್ದರೆ ಬೇರಾದರೂ ನೆಲದಲ್ಲಿ ಉಳಿಯುತ್ತದೆ, ಶೇಂಗಾವನ್ನು ಬೇರು, ಗಂಟು, ಬಳ್ಳಿ ಸಮೇತ ಕಿತ್ತು ಕಣಕ್ಕೆ ತರುತ್ತೇವೆ. ಬಳ್ಳಿ ಒಳ್ಳೆಯ ಮೇವು, ಒಂದು ಕಡ್ಡಿಯನ್ನೂ ಬಿಡುವುದಿಲ್ಲ. ನಾನು ಹಲವು ವರ್ಷ ಹೀಗೆಯೇ ಮಾಡಿ, ದ್ವಿದಳವನ್ನು ಬೆಳೆದಿದ್ದೇನಲ್ಲ, ಮಣ್ಣು ತಾನಾಗಿ ಸುಧಾರಿಸುತ್ತದೆ ಎಂದು ನಂಬಿ ಅದರ ನಂತರದ ಸಜ್ಜೆಗೆ ಗೊಬ್ಬರವನ್ನು ಕಡಿಮೆ ಮಾಡಿದೆ. ಸಜ್ಜೆ ಮೊಣಕಾಲೆತ್ತರಕ್ಕೆ ಬಂದಾಗಲೇ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗತೊಡಗಿದವು. ಅದು ಸಾರಜನಕದ ಹಸಿವಿನ ಗುರುತು. ಆದರೆ ಕಣದ ಪಕ್ಕದಲ್ಲಿ, ಹಿಂದಿನ ವರ್ಷ ಶೇಂಗಾ ಬಳ್ಳಿಯ ಬಣವೆ ಮಳೆಗೆ ನೆನೆದು ಕೊಳೆತಿದ್ದ ಜಾಗದಲ್ಲಿ ಮಾತ್ರ ಸಜ್ಜೆ ಕಡುಹಸಿರಾಗಿ ಎದೆಯೆತ್ತರಕ್ಕೆ ನಿಂತಿತ್ತು. ಹೊಲವೆಲ್ಲ ಹಿಡಿದ ಸಾರಜನಕವನ್ನು ನಾನೇ ಹೊತ್ತು ತಂದು ಎಲ್ಲಿ ಸುರಿದಿದ್ದೆ ಎಂಬುದನ್ನು ಆ ನಾಲ್ಕು ಮಾರು ಜಾಗ ತೋರಿಸಿಕೊಟ್ಟಿತು.

ಹಾಗೆಂದು ಮೇವನ್ನು ಹೊಲದಲ್ಲೇ ಬಿಡಿ ಎಂದು ದನ ಸಾಕಿದವರಿಗೆ ಹೇಳುವುದು ನ್ಯಾಯವಲ್ಲ. ಒಣ ಭೂಮಿಯಲ್ಲಿ ದ್ವಿದಳದ ಹೊಟ್ಟು ಕಾಳಿನಷ್ಟೇ ಅಮೂಲ್ಯ, ಬೇಸಿಗೆಯಲ್ಲಿ ಕೆಲವೊಮ್ಮೆ ಕಾಳಿಗಿಂತ ಹೆಚ್ಚು. ಹೊಟ್ಟು ಕೊಟ್ಟಿಗೆಗೆ ಹೋದರೆ ಸಗಣಿಯೂ ಗಂಜಲವೂ ಅದೇ ಹೊಲಕ್ಕೆ ಹಿಂತಿರುಗಬೇಕು ಎಂಬುದಷ್ಟೇ ನನ್ನ ಮಾತು. ಗಂಜಲ ಹೀರಿದ ಕಸವನ್ನು ಬಿಸಿಲಿನಲ್ಲಿ ಹರಡಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮುಚ್ಚಿದ ಗುಂಡಿಯಲ್ಲಿ ಇಟ್ಟು ಬಿತ್ತನೆಗೆ ಮುಂಚೆ ಹರಡಿ ಅಂದೇ ಮಣ್ಣಿಗೆ ಸೇರಿಸಬೇಕು. ಬಹಳ ಕಡೆ ಗೊಬ್ಬರವೆಲ್ಲ ಮನೆಗೆ ಹತ್ತಿರದ ನೀರಾವರಿ ತುಂಡಿಗೆ ಹೋಗುತ್ತದೆ, ದೂರದ ಮರಳು ಹೊಲಕ್ಕೆ ಗಾಡಿ ಹೋಗುವುದೇ ಇಲ್ಲ.

ಸಾರಜನಕದ ಬಗ್ಗೆಯೇ ಇಷ್ಟು ಹೇಳಿದ್ದಾಯಿತು. ಆದರೆ ಮರಳಿನಲ್ಲಿ ದ್ವಿದಳ ಸೋಲುವುದು ಅನೇಕ ಸಲ ಬೇರೆ ಕೊರತೆಗಳಿಂದ. ಗಾಳಿಯ ಸಾರಜನಕವನ್ನು ಒಡೆಯುವುದು ಗಿಡಕ್ಕೆ ಬಹಳ ದುಬಾರಿ ಕೆಲಸ, ಅದಕ್ಕೆ ಬೇಕಾದ ಶಕ್ತಿಯ ವ್ಯವಹಾರವೆಲ್ಲ ರಂಜಕದ ಮೂಲಕ ನಡೆಯುತ್ತದೆ. ರಂಜಕ ಸಾಲದ ಹೊಲದಲ್ಲಿ ಗಂಟು ಚಿಕ್ಕದಾಗಿ, ಕಡಿಮೆಯಾಗಿ ಬರುತ್ತದೆ. ದ್ವಿದಳಕ್ಕೆ ಗೊಬ್ಬರ ಬೇಡ ಎಂಬ ನಂಬಿಕೆ ಮಾಡಿರುವ ಹಾನಿ ದೊಡ್ಡದು. ಯೂರಿಯಾ ಬೇಡ ಎನ್ನುವುದು ಸರಿ, ರಂಜಕ ಬೇಡ ಎನ್ನುವುದು ತಪ್ಪು. ಆಫ್ರಿಕಾದ ಸಹೇಲ್ ಪ್ರದೇಶದ ಮರಳು ಹೊಲಗಳಲ್ಲಿ ರೈತರು ಬಿತ್ತನೆಯ ಗುಳಿಗೆ ಬಾಟಲಿಯ ಮುಚ್ಚಳದ ಅಳತೆಯಲ್ಲಿ ಚಿಟಿಕೆ ಗೊಬ್ಬರ ಹಾಕುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಹೊಲವೆಲ್ಲ ಎರಚುವುದರ ಬದಲು ಬೇರಿನ ಬಾಯಿಗೆ ಇಟ್ಟಂತಾಗುವುದರಿಂದ ಸ್ವಲ್ಪ ಗೊಬ್ಬರವೇ ಬಹಳ ಕೆಲಸ ಮಾಡುತ್ತದೆ. ಇನ್ನು ಸಾರಜನಕ ಹಿಡಿಯುವ ಕಿಣ್ವದೊಳಗೆ ಮಾಲಿಬ್ಡಿನಂ ಎಂಬ ಲೋಹ ಇರಲೇಬೇಕು. ಹುಳಿ ಮರಳಿನಲ್ಲಿ ಅದು ಗಿಡಕ್ಕೆ ಸಿಗುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1942ರಲ್ಲಿ ಆಂಡರ್ಸನ್ ಎಂಬ ವಿಜ್ಞಾನಿ, ದ್ವಿದಳ ಮೇವು ಸೊರಗುತ್ತಿದ್ದ ನೆಲಕ್ಕೆ ಬಹಳ ಅಲ್ಪ ಪ್ರಮಾಣದ ಮಾಲಿಬ್ಡಿನಂ ಹಾಕಿದರೆ ಬೆಳೆ ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಅದೇ ರಾಜ್ಯದಲ್ಲಿ ತೊಂಬತ್ತು ಮೈಲಿ ಮರುಭೂಮಿ ಎಂದು ಹೆಸರಾಗಿದ್ದ ಮರಳು ಪ್ರದೇಶಕ್ಕೆ ಬೇಕಾಗಿದ್ದದ್ದು ರಂಜಕದೊಂದಿಗೆ ಒಂದಿಷ್ಟು ತಾಮ್ರ ಮತ್ತು ಸತು. ಅವನ್ನು ಕೊಟ್ಟ ಮೇಲೆ ಅಲ್ಲಿ ದ್ವಿದಳ ಮೇವು ಬೆಳೆದು, ಕುರಿ ದನ ಮೇಯುವ ಜಮೀನಾಯಿತು. ಬೆಳೆ ಸರದಿಯ ಸಲಹೆ ಕೊಡುವ ಮೊದಲು ಮಣ್ಣಿನ ಹುಳಿಯನ್ನೂ ಈ ಲಘು ಪೋಷಕಾಂಶಗಳನ್ನೂ ಪರೀಕ್ಷಿಸಿ ನೋಡಬೇಕೆನ್ನುವುದು ಇದಕ್ಕಾಗಿ. ಶೇಂಗಾಕ್ಕೆ ಹೂವಿನ ಕಾಲದಲ್ಲಿ ಜಿಪ್ಸಂ ಹಾಕುವ ಕಾರಣವೂ ಇಂಥದ್ದೇ, ಬೆಳೆಯುವ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ.

ನೀರಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಮಳೆ ಕೈಕೊಟ್ಟಾಗ ಎಲೆ ಬಾಡುವುದಕ್ಕೂ ಮೊದಲೇ ಬೇರುಗಂಟು ಕೆಲಸ ನಿಲ್ಲಿಸುತ್ತದೆ. ಮೇಲೆ ಗಿಡ ಹಸಿರಾಗಿಯೇ ಇರುತ್ತದೆ, ಕೆಳಗೆ ಗಂಟು ಬಣ್ಣ ಕಳೆದುಕೊಂಡು ಸುಕ್ಕುಗಟ್ಟಿರುತ್ತದೆ. ಬರ ಉದ್ದವಾದರೆ ಉದುರಿಯೇ ಹೋಗುತ್ತದೆ. ಆದ್ದರಿಂದ ಮರಳಿಗೆ ಅಲ್ಪಾವಧಿಯ ತಳಿಗಳೇ ಮೇಲು ಎಂಬುದು ನನ್ನ ಅನುಭವ. ಎರಡು ತಿಂಗಳು ಚಿಲ್ಲರೆಯಲ್ಲಿ ಮುಗಿಯುವ ಹೆಸರು ಅಥವಾ ಅಲಸಂದೆ ಇರುವ ತೇವದಲ್ಲೇ ತನ್ನ ಕೆಲಸ ಮುಗಿಸಿ ಮಣ್ಣಿನಾಳದ ನೀರನ್ನು ಮುಂದಿನ ಬೆಳೆಗೆ ಬಿಟ್ಟುಹೋಗುತ್ತದೆ. ಬಹಳ ಬಡ ಮರಳಿಗೆ, ಬಿಸಿಲು ಹೆಚ್ಚಿರುವ ಕಡೆಗೆ ಮಡಕೆ ಕಾಳು ಒಗ್ಗುತ್ತದೆ. ನೆಲಕ್ಕೆ ಒರಗಿ ಹರಡುವ ಅದರ ಬಳ್ಳಿ ಮರಳನ್ನು ಮುಚ್ಚಿಟ್ಟು ತಂಪಾಗಿಡುತ್ತದೆ, ಹಾರದಂತೆ ಹಿಡಿಯುತ್ತದೆ. ತೊಗರಿಯ ವಿಚಾರ ಬೇರೆ. ಅದರ ಆಳದ ಬೇರು ಪಿಸಿಡಿಕ್ ಎಂಬ ಆಮ್ಲವನ್ನು ಸ್ರವಿಸಿ ಕಬ್ಬಿಣದೊಂದಿಗೆ ಬಿಗಿದುಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ ಎಂಬುದು 1990ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ, ಉದುರುವ ಎಲೆಯಿಂದ ನೆಲಕ್ಕೆ ಮುಚ್ಚಿಗೆಯೂ ಸಿಗುತ್ತದೆ. ಆದರೆ ಅದು ಹೊಲವನ್ನು ದೀರ್ಘ ಕಾಲ ಹಿಡಿದಿಟ್ಟು ಆಳದ ನೀರನ್ನೂ ಕುಡಿದು ಮುಗಿಸುವುದರಿಂದ, ಒಂಟಿ ಬೆಳೆಗಿಂತ ಧಾನ್ಯದ ನಡುವಿನ ಅಕ್ಕಡಿ ಸಾಲಿಗೆ ಚೆನ್ನು. ಹಸಿರೆಲೆ ಗೊಬ್ಬರಕ್ಕಾಗಿಯೇ ಸೆಣಬನ್ನು ಬಿತ್ತಿ ಉಳುವುದನ್ನು ಮುಂಗಾರಿಗೆ ಮುಂಚೆ ನಂಬಬಹುದಾದ ಮಳೆ ಬೀಳುವ ಕಡೆ ಮಾಡಬಹುದು. ಒಂದೇ ಬೆಳೆಗೆ ಸಾಕಾಗುವ ಮಳೆ ಇರುವ ಕಡೆ, ವರ್ಷದ ನೀರನ್ನೆಲ್ಲ ಅದಕ್ಕೆ ಕೊಟ್ಟು ಸಣ್ಣ ರೈತರು ಏನು ಉಣ್ಣಬೇಕು?

ಸೊಪ್ಪು ಕೊಳೆತು ಬಿಡುವ ಸಾರಜನಕಕ್ಕೂ ಮುಂದಿನ ಬೆಳೆಯ ಬೇರಿಗೂ ಕಾಲ ಕೂಡಿಬರಬೇಕು. ದ್ವಿದಳದ ಎಲೆ ಬಹಳ ಬೇಗ ಕೊಳೆಯುತ್ತದೆ. ಮೊದಲ ಮಳೆಗೆ ಸಾರಜನಕ ಒಮ್ಮೆಗೇ ಬಿಡುಗಡೆಯಾಗಿ, ಆಗಿನ್ನೂ ಹೊಲದಲ್ಲಿ ಬೇರುಗಳಿಲ್ಲದಿದ್ದರೆ, ಎರಡನೆಯ ಜೋರು ಮಳೆಗೆ ಅದು ಕೈಗೆಟುಕದ ಆಳಕ್ಕೆ ಇಳಿದಿರುತ್ತದೆ. ಧಾನ್ಯದ ಕೂಳೆಯನ್ನು ದ್ವಿದಳದ ಸೊಪ್ಪಿನೊಂದಿಗೆ ಬೆರೆಯಲು ಬಿಟ್ಟರೆ ಕೊಳೆಯುವಿಕೆ ನಿಧಾನವಾಗುತ್ತದೆ, ಮೊದಲ ಹದಕ್ಕೇ ಬಿತ್ತಿದರೆ ಬೇರು ಸಾರಜನಕವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ.

ಗಾಳಿಯ ಮಾತನ್ನು ಸಲಹೆಗಾರರು ಆಡುವುದು ಅಪರೂಪ. ಧಾನ್ಯ ಕೊಯ್ದ ಹೊಲದಲ್ಲಿ ಗಟ್ಟಿ ಕೂಳೆ ನಿಂತಿರುತ್ತದೆ, ಬೇಳೆಕಾಳು ಕಿತ್ತ ಹೊಲ ಬಟ್ಟಬಯಲು. ಬೇಸಿಗೆಯ ಗಾಳಿಗೆ ಮೊದಲು ಹಾರುವುದು ಹಗುರವಾದ, ಫಲವತ್ತಾದ ಕಣಗಳು; ನೆಲದಲ್ಲಿ ಉಳಿಯುವುದು ದಪ್ಪ ಮರಳು. ಒಂದು ವರ್ಷದ ದ್ವಿದಳ ಕೂಡಿಸಿದ್ದನ್ನು ಒಂದು ಬೇಸಿಗೆಯ ಗಾಳಿ ಕೊಂಡೊಯ್ದರೆ ಸರದಿ ಮಾಡಿ ಏನು ಬಂತು? ಹೊಲದ ಮೂರರಲ್ಲೊಂದು ಭಾಗ ಕಸಕಡ್ಡಿಯಿಂದ ಮುಚ್ಚಿದ್ದರೂ ಹಾರುವಿಕೆ ಬಹುಪಾಲು ತಗ್ಗುತ್ತದೆ. ಇಡೀ ಹೊಲಕ್ಕೆ ದ್ವಿದಳ ಹಾಕದೆ ಗಾಳಿಗೆ ಅಡ್ಡವಾಗಿ ಪಟ್ಟೆ ಪಟ್ಟೆಯಾಗಿ ಧಾನ್ಯವನ್ನೂ ದ್ವಿದಳವನ್ನೂ ಬಿತ್ತಿ, ಮುಂದಿನ ವರ್ಷ ಪಟ್ಟೆಗಳನ್ನು ಅದಲುಬದಲು ಮಾಡುವ ಕ್ರಮವನ್ನು ನಾನು ಕೆಲವು ವರ್ಷಗಳಿಂದ ಅನುಸರಿಸುತ್ತಿದ್ದೇನೆ. ಬೇಳೆಕಾಳನ್ನು ಕೀಳದೆ ಕುಡುಗೋಲಿನಿಂದ ಕೊಯ್ಯುತ್ತೇನೆ. ಕೂಲಿ ಸ್ವಲ್ಪ ಹೆಚ್ಚಾಗುತ್ತದೆ, ಬೇರು ನೆಲದಲ್ಲೇ ಉಳಿಯುತ್ತದೆ.

ಇಷ್ಟು ಮಾಡಿದರೂ ಒಂದೇ ದ್ವಿದಳವನ್ನು ಪದೇ ಪದೇ ತರುವುದು ಸರದಿಯಾಗುವುದಿಲ್ಲ. ಶೇಂಗಾದ ಹಿಂದೆ ಶೇಂಗಾ ಬಂದರೆ ಬುಡ ಕೊಳೆಯುವ ರೋಗ ಬೆಳೆಯುತ್ತದೆ. ಕಡಲೆಯ ಸೊರಗು ರೋಗದ ಶಿಲೀಂಧ್ರ ಕಡಲೆ ಇಲ್ಲದ ಹೊಲದಲ್ಲಿಯೂ ಆರು ವರ್ಷದಷ್ಟು ಕಾಲ ಬದುಕಿರಬಲ್ಲದು. ಪಶ್ಚಿಮ ಆಸ್ಟ್ರೇಲಿಯಾದ ಕಥೆ ಇಲ್ಲಿ ಪಾಠವಾಗಬಲ್ಲದು. ಅಲ್ಲಿನ ಆಳವಾದ ಮರಳು ಬಯಲಿಗಾಗಿ ಜಾನ್ ಗ್ಲಾಡ್‌ಸ್ಟೋನ್ಸ್ ಅವರು ಕಿರಿದೆಲೆಯ ಲುಪಿನ್ ಅನ್ನು ಪಳಗಿಸಿ, 1967ರಲ್ಲಿ ಮೊದಲ ತಳಿಯನ್ನು ಬಿಡುಗಡೆ ಮಾಡಿದರು. ಲುಪಿನ್ ಹಿಂದೆ ಗೋಧಿ, ಗೋಧಿಯ ಹಿಂದೆ ಲುಪಿನ್ ಎಂಬ ಸರದಿ ಬಡ ಮರಳನ್ನು ದೊಡ್ಡ ಬೆಳೆಯ ಭೂಮಿಯನ್ನಾಗಿ ಮಾಡಿತು. ಆದರೆ ಎರಡೇ ಬೆಳೆಗಳ ಆ ಬಿಗಿಯಾದ ಸರದಿ ದಶಕಗಳ ಕಾಲ ನಡೆದಾಗ ಕಳೆನಾಶಕಕ್ಕೆ ಜಗ್ಗದ ಕಳೆ ಹುಟ್ಟಿಕೊಂಡಿತು, ಬೇರಿನ ರೋಗ ಹೆಚ್ಚಿತು, ನೈಟ್ರೇಟ್ ಇಳಿದುಹೋಗುವುದರಿಂದಲೂ ಬೆಳೆಯೊಂದಿಗೆ ಕ್ಷಾರಾಂಶ ಹೊರಹೋಗುವುದರಿಂದಲೂ ಮಣ್ಣು ಹುಳಿಯಾಗತೊಡಗಿ ಸುಣ್ಣ ಹಾಕಬೇಕಾಯಿತು. ಮರಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ.

ದ್ವಿದಳದ ಲಾಭವನ್ನು ನಾನು ಕಡಿಮೆ ಮಾಡಿ ಹೇಳುತ್ತಿದ್ದೇನೆಂದು ಓದುಗರು ಭಾವಿಸಬಾರದು. ಸಹೇಲ್‌ನ ನೈಜರ್ ದೇಶದ ಮರಳು ಹೊಲಗಳಲ್ಲಿ ನಡೆದ ದೀರ್ಘಕಾಲದ ಪ್ರಯೋಗಗಳಲ್ಲಿ ಸಜ್ಜೆಯ ಹಿಂದೆ ಸಜ್ಜೆ ಬಿತ್ತಿದ್ದಕ್ಕಿಂತ ಅಲಸಂದೆಯ ಹಿಂದೆ ಬಿತ್ತಿದ ಸಜ್ಜೆ ಹೆಚ್ಚು ಇಳುವರಿ ಕೊಟ್ಟಿತು. ಆ ಹೆಚ್ಚಳಕ್ಕೆ ಸಾರಜನಕ ಒಂದೇ ಕಾರಣವಾಗಿರಲಿಲ್ಲ, ಬೇರಿಗೆ ನೆರವಾಗುವ ಶಿಲೀಂಧ್ರ ಹೆಚ್ಚಿದ್ದು ಕೂಡ ಸೇರಿತ್ತು. ಬೆಳೆ ಬದಲಾದದ್ದರಿಂದಲೇ ಬರುವ ಈ ಲಾಭ ಹೊಟ್ಟನ್ನು ಹೊತ್ತೊಯ್ದ ಹೊಲಕ್ಕೂ ಒಂದಿಷ್ಟು ದಕ್ಕುತ್ತದೆ. ಅದನ್ನು ಸಾರಜನಕದ ಖಾತೆಗೆ ಬರೆದು ಗೊಬ್ಬರ ಕಡಿಮೆ ಮಾಡುವುದೇ ತಪ್ಪು.

ಆದ್ದರಿಂದ ಕೃಷಿ ಇಲಾಖೆಯವರಲ್ಲಿ ಮತ್ತು ಪ್ರಾತ್ಯಕ್ಷಿಕೆ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಪ್ರಾತ್ಯಕ್ಷಿಕೆಯ ವರದಿಯಲ್ಲಿ ದ್ವಿದಳದ ಇಳುವರಿಯನ್ನು ಬರೆದು ಮುಗಿಸಬೇಡಿ. ಅದರ ಹೊಟ್ಟು ಎಲ್ಲಿಗೆ ಹೋಯಿತು, ಅದರ ನಂತರ ಬಂದ ಧಾನ್ಯ ಎಷ್ಟು ಕೊಟ್ಟಿತು ಎಂಬ ಎರಡು ಅಂಕಣಗಳನ್ನು ಸೇರಿಸಿ. ಜೀವಾಣು ಗೊಬ್ಬರವನ್ನು ಮಾರುವ ಅಂಗಡಿಗೆ ಪರವಾನಗಿ ಕೊಡುವಾಗ ಅದನ್ನು ಇಡುವ ತಂಪು ಜಾಗ ಇದೆಯೇ ಎಂದು ನೋಡಿ, ಬೇಸಿಗೆಯಲ್ಲಿ ಮಾದರಿ ತೆಗೆದು ಜೀವಂತ ಎಣಿಕೆ ಮಾಡಿಸಿ. ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ ಇದೆ. ಬೇಳೆಕಾಳುಗಳು ಹೂಬಿಡುವ ವಾರದಲ್ಲೇ ಕೃಷಿ ಪುಟದಲ್ಲಿ ಸೀಳಿದ ಬೇರುಗಂಟಿನ ಬಣ್ಣದ ಚಿತ್ರಗಳನ್ನು, ಒಳಗೆ ಗುಲಾಬಿಯಾದದ್ದು, ಬಿಳಿಯದು, ಜಂತುಹುಳುವಿನದು ಮೂರನ್ನೂ ಪಕ್ಕಪಕ್ಕದಲ್ಲಿ ದೊಡ್ಡದಾಗಿ ಮುದ್ರಿಸಿ ಕೊಡಿ. ಅದನ್ನು ಕತ್ತರಿಸಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಗುದ್ದಲಿ ಮತ್ತು ಬಕೆಟ್ಟಿನೊಂದಿಗೆ ಹೊಲಕ್ಕೆ ಹೋಗುವವರಲ್ಲಿ ನಾನೂ ಒಬ್ಬನಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮರಳು ಭೂಮಿಯ ಮಳೆಯಾಶ್ರಿತ ಬೇಸಾಯಗಾರ